ಮಂಚದ ವಿಮಾನ

ಹಾಸಿಗೆ ಇದ್ದಷ್ಟು ರೆಕ್ಕೆ ಚಾಚು ಅಂತ ಗಾದೆ. ಕಿರುಗಾವಲಿನಲ್ಲಿ ನಿಜವಾಗಿ ನಡೆದದ್ದಿದು. "ಪ್ರಯಾಣಿಕರ ಗಮನಕ್ಕೆ. ಬೆಂಗಳೂರಿನಿಂದ ದೆಹಲಿಗೆ ಸಾವಿರದ ಏಳುನೂರು ಕಿಲೋಮೀಟರ್, ಎರಡೂ ಮುಕ್ಕಾಲು ಗಂಟೆ," ಎಂದು ಮಹದೇವು ಗಗನಸಖಿಯ ದನಿ ತೆಗೆದ. ಸಾಯುವುದರೊಳಗೆ ಒಮ್ಮೆ ವಿಮಾನ ಹತ್ತಬೇಕು ಎನ್ನುತ್ತಿದ್ದ ಗೆಳೆಯ ಮರಿಸಿದ್ದಯ್ಯ ಆಗಷ್ಟೇ ನಿದ್ದೆಯಿಂದ ಕದಲಿದ್ದ. ಈಗ ಅವನಿಗೆ ಕಣ್ಣೂ ಕಾಣದು, ಎದ್ದು ಕೂರಲೂ ಆಗದು. ಡಾಕ್ಟರು ವಾರದ ಗಡುವು ಕೊಟ್ಟು ಮನೆಗೆ ಕಳಿಸಿದ್ದರು.

ಮರಿಸಿದ್ದಯ್ಯನ ಹೆಂಡತಿ ಪಟ್ಟಲಮ್ಮ ಮಿಕ್ಸಿ ಹಾಕಿದಳು, ಅದೇ ಇಂಜಿನ್ನು. ಮಹದೇವು ಮತ್ತು ನೆರೆಯ ಮೂವರು ಮಂಚದ ನಾಲ್ಕು ಮೂಲೆ ಹಿಡಿದು ಮೆಲ್ಲಗೆ ಎತ್ತಿದರು. ಮರಿಸಿದ್ದಯ್ಯನ ಬೆರಳುಗಳು ಮಂಚದ ಅಂಚನ್ನು ಬಿಗಿಯಾಗಿ ಹಿಡಿದವು. "ನಂಬ್ಬುಟ್ಟ ಕಣ್ಲಾ," ಎಂದು ಮಹದೇವು ಪಕ್ಕದವನಿಗೆ ಪಿಸುಗುಟ್ಟಿದ.

ಆ ಬೆರಳುಗಳು ಅಂಚಿನುದ್ದಕ್ಕೂ ತಡವುತ್ತ ಬಂದು ಮಹದೇವುವಿನ ಕೈಯ ಮೇಲೆ ನಿಂತವು.

"ಮಾದೇವ, ಇನ್ನೊಂದ್ ಸಲ ನಾಲ್ಕ್ ಜನ ಎತ್ತುದಾಗ್ಲೂ ಇಂಗೇ ಯೋಳ್ಲಾ. ಎಷ್ಟು ದೂರ, ಎಷ್ಟು ಗಂಟೆ ಅಂತ ನಂಗೂ ಗೊತ್ತಾಗ್ಲಿ."

ಮಿಕ್ಸಿ ನಿಂತಿತು. ಎತ್ತಿದವರಿಗೆ ಮಂಚ ಇಳಿಸಲೂ ತೋಚಲಿಲ್ಲ. ಮರಿಸಿದ್ದಯ್ಯ ಮಾತ್ರ ಕೆಮ್ಮು ಹತ್ತುವವರೆಗೂ ಜೋರಾಗಿ ನಗುತ್ತಲೇ ಇದ್ದ.