ಸಿಹಿ ಇಲ್ಲದ ಹಬೆ

ಪಿಕಪ್ ಗಾಡಿಯ ಮೂತಿಯಿಂದ ಏಳುತ್ತಿದ್ದ ಹಬೆಗೆ ವರ್ನಾ ಮುಖವೊಡ್ಡಿ ಮೂಸಿದಳು. ರೇಡಿಯೇಟರ್ ಸೋರಿದರೆ ಸಕ್ಕರೆ ಪಾಕದಂಥ ವಾಸನೆ ಬರುತ್ತದೆ ಎಂದು ಅಪ್ಪ ಇದೇ ಗ್ಯಾರೇಜಿನಲ್ಲಿ ಕಲಿಸಿದ್ದ. ಈ ಹಬೆಗೆ ಸಿಹಿಯಿರಲಿಲ್ಲ. ಕೆಸರಿನ ವಾಸನೆಯಿತ್ತು.

"ಏನೇ, ಮೂಸಿದ್ದಾಯ್ತಾ? ನನ್ನ ಗಾಡಿ ಬದುಕುತ್ತೋ ಇಲ್ವೋ?" ಬೆನ್ನ ಹಿಂದೆ ನಿಂತಿದ್ದ ಅಕ್ಕನ ಗಂಡ ಡ್ವೇನ್ ನಕ್ಕ. "ನಿನ್ನಕ್ಕ ನೋರೀನ್‌ನ ಪೇಟೇಲಿ ಬಸ್ ಹತ್ತಿಸಿ, ಹೆದ್ದಾರೀಲಿ ನೆಟ್ಟಗೆ ಇಲ್ಲಿಗೇ ಬಂದೆ. ಊರು ಬಿಟ್ಟು ಹೋಗ್ತೀನಿ ಅಂತ ನಿಂಗೊಂದು ಮಾತೂ ಹೇಳ್ಲಿಲ್ವಾ ಅವಳು?"

ಹೆದ್ದಾರಿಯ ಹಿಮವನ್ನು ಮುಂಜಾನೆಯೇ ಬಳಿದು ತೆಗೆದಿದ್ದರು. ಆದರೆ ಪಿಕಪ್ಪಿನ ಮುಂದಿನ ಜಾಲರಿಯ ತುಂಬ ಹಿಮ ಮೆತ್ತಿಕೊಂಡಿತ್ತು. ಅದೇ ಕರಗಿ, ಬಿಸಿ ರೇಡಿಯೇಟರಿನ ಮೇಲೆ ತೊಟ್ಟಿಕ್ಕಿ ಹಬೆಯಾಗುತ್ತಿತ್ತು. ಗಾಡಿಗೆ ಏನೂ ಆಗಿರಲಿಲ್ಲ. ವರ್ನಾ ಹಿಮದೊಳಗೆ ಬೆರಳು ತೂರಿಸಿದಳು. ಮುರಿದ ಜೊಂಡಿನ ಕಡ್ಡಿಯೊಂದು ಕೈಗೆ ಬಂತು. ಈ ಸೀಮೆಯಲ್ಲಿ ಜೊಂಡು ಬೆಳೆಯುವುದು ಸರೋವರದ ದಂಡೆಯಲ್ಲಿ ಮಾತ್ರ. ಚಳಿಗಾಲದಲ್ಲಿ ಆ ದಾರಿಗೆ ಯಾರೂ ಹೋಗುವುದಿಲ್ಲ.

ಕಡ್ಡಿಯನ್ನು ಅವಳು ಅಂಗೈಯೊಳಗೆ ಮುಚ್ಚಿಕೊಂಡಳು. ಪೊಲೀಸ್ ಅಧಿಕಾರಿ ಶೆರಿಫ್ ಬಂದು ನೋಡುವವರೆಗೆ ಗಾಡಿ ಇಲ್ಲಿಂದ ಕದಲಬಾರದು.

"ರೇಡಿಯೇಟರ್ ಒಡೆದಿದೆ," ಎಂದಳು. "ನಾಳೆವರೆಗೂ ಗಾಡಿ ಇಲ್ಲೇ ಇರ್ಲಿ."

ಡ್ವೇನ್ ನಗು ನಿಲ್ಲಿಸಿದ. ಅವಳ ಪಕ್ಕಕ್ಕೆ ಬಂದು, ಭುಜಕ್ಕೆ ಭುಜ ತಾಗುವಂತೆ ಬಗ್ಗಿ, ಹಬೆಯನ್ನು ನಿಧಾನವಾಗಿ ಮೂಸಿದ.

"ಒಡೆದಿದ್ರೆ ಸಿಹಿ ವಾಸನೆ ಬರ್ಬೇಕಲ್ವೇನೇ? ನಿಮ್ಮಪ್ಪ ನಂಗೂ ಹೇಳ್ಕೊಟ್ಟಿದ್ರು," ಎಂದ. "ಎಲ್ಲಿ, ಕೈ ಬಿಚ್ಚು."