ಚೆಂಡು ಬಾರದ ಗೋಲು

ಸೈಕಲ್ ಅಂಗಡಿಯ ಪಂಕ್ಚರ್ ಸಲ್ಯೂಷನ್ನಿನ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ಎರಡೂ ಕೈ ಚೆಂಡು ಹಿಡಿಯಲು ತಾವಾಗಿಯೇ ಮುಂದೆ ಬರುತ್ತವೆ.

ನಮ್ಮ ಹೈಸ್ಕೂಲಿಗೆ ಇದ್ದದ್ದು ಒಂದೇ ಫುಟ್‌ಬಾಲು, ಅದರ ಬ್ಲಾಡರಿಗೆ ಸೈಕಲ್ ಅಂಗಡಿಯಲ್ಲಿ ಹಾಕಿಸಿದ ಆರು ತೇಪೆ. ಆ ಮಧ್ಯಾಹ್ನ ಜಿಲ್ಲಾ ತಂಡಕ್ಕೆ ಹುಡುಗರನ್ನು ಆರಿಸಲು ಶಿವಮೊಗ್ಗದಿಂದ ಒಬ್ಬ ಹಿರಿಯರು ಹೊನ್ನಾಳಿಗೆ ಬಂದಿದ್ದರು. ಸಾಸ್ವೆಹಳ್ಳಿ ಹುಡುಗರ ಮೇಲೆ ಆಟ, ನಾನು ಗೋಲ್‌ಕೀಪರ್. ನಮ್ಮವರು ಎಷ್ಟು ಚೆನ್ನಾಗಿ ಆಡಿದರೆಂದರೆ ಚೆಂಡು ನನ್ನ ಗೋಲಿನ ಹತ್ತಿರ ಸುಳಿಯಲೇ ಇಲ್ಲ. ಚೆಂಡೇ ಬಾರದಿದ್ದರೆ ನನ್ನನ್ನು ಯಾರು ಗಮನಿಸುತ್ತಾರೆ ಎಂಬ ಚಿಂತೆ. ಬಂದೇಬಿಟ್ಟರೆ ಏನು ಗತಿ ಎಂಬುದು ಅದಕ್ಕಿಂತ ದೊಡ್ಡ ಚಿಂತೆ.

"ಲೇ ಮಲ್ಲೇಶಿ, ಬಲಗಡೆ ಖಾಲಿ ಐತೆ, ಹಿಂದಕ್ಕೆ ಬಾರೋ!" ಎಂದು ಗಂಟಲು ಹರಿಯುವಂತೆ ಕೂಗುತ್ತಲೇ ಇದ್ದೆ.

"ಆಡಾಕೆ ಬಿಡಲೇ, ತಲೆ ತಿನ್ನಬ್ಯಾಡ," ಎಂದು ಮಲ್ಲೇಶಿ ಬೈದ.

ಆಟ ಮುಗಿದ ಮೇಲೆ ಆ ಹಿರಿಯರು ನನ್ನತ್ತ ಬೆರಳು ತೋರಿಸಿದರು.

"ಅವನು ಒಂದು ಚೆಂಡೂ ಹಿಡಿದಿಲ್ಲರೀ," ಎಂದರು ನಮ್ಮ ಡ್ರಿಲ್ ಮೇಷ್ಟ್ರು, ಪಾಪ, ಪ್ರಾಮಾಣಿಕವಾಗಿ.

"ಹಿಡಿಯೋದನ್ನ ಕಲಿಸಬಹುದು ಮೇಷ್ಟ್ರೇ. ಚೆಂಡು ಆ ತುದೀಲಿದ್ದಾಗಲೂ ಹಿಂಗೆ ಹೆದರಿ ಕೂಗೋದನ್ನ ಕಲಿಸಾಕೆ ಆಗಲ್ಲ."

ಮನೆಗೆ ಓಡಿ ಅವ್ವನಿಗೆ ಸುದ್ದಿ ಹೇಳಿದೆ.

"ಎಷ್ಟು ಗೋಲು ಹೊಡೆದ್ಯೋ?"

"ಒಂದೂ ಇಲ್ಲ."

"ಮತ್ತೆ ಯಾಕೆ ಆರಿಸಿದ್ರೋ?"

ನಾನು ಎದೆಯುಬ್ಬಿಸಿ ನಿಂತೆ. "ಇಡೀ ಮೈದಾನದಾಗೆ ನನ್ನಷ್ಟು ಹೆದರಿದೋರು ಯಾರೂ ಇರಲಿಲ್ಲಂತೆ ಕಣವ್ವ!"