ತಿಮ್ಮವ್ವನ ಪಾಸಿಟಿವ್

ಹೈದರಾಬಾದಿನಿಂದ ಬಂದ ಲಕೋಟೆಯನ್ನು ತಿಮ್ಮವ್ವ ಒಡೆಯಲಿಲ್ಲ. ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ತಂಗಿಯ ಮಗಳು ಆದಮ್ಮನ ಕಡೆ ಚಾಚಿದಳು. ಎದೆಯ ಗಡ್ಡೆ ತೆಗೆಸಿಕೊಂಡು ಮಸ್ಕಿಗೆ ಮರಳಿ ತಿಂಗಳಾಗಿತ್ತು. ತೆಗೆದ ಗಡ್ಡೆಯ ಚೂರನ್ನು ಇನ್ನೊಂದು ಪರೀಕ್ಷೆಗೆ ಕೊಟ್ಟಿದ್ದೇವೆ, ಫಲಿತಾಂಶ ಟಪಾಲಿನಲ್ಲಿ ಬರುತ್ತದೆ, ಬಂದ ಕೂಡಲೇ ಲಿಂಗಸುಗೂರಿನ ಡಾಕ್ಟರಿಗೆ ತೋರಿಸಿ ಎಂದು ಅಲ್ಲಿಯವರು ಹೇಳಿ ಕಳಿಸಿದ್ದರು. ಸುದ್ದಿಯೆಲ್ಲ ಟಪಾಲಿನಲ್ಲೇ ಬರುತ್ತಿದ್ದ ಕಾಲ ಅದು, ತೊಂಬತ್ನಾಲ್ಕನೇ ಇಸವಿ.

"ನೀ ಏಳನೇ ಮಟ ಸಾಲಿ ಕಲ್ತೀದಿ. ಏನ್ ಬರದಾರ ನೋಡು ಬೇ."

"ಇಂಗ್ಲೀಷ್ ಐತಿ ದೊಡ್ಡವ್ವ."

"ಇರಲಿ. ಅದರಾಗ ಇರೂವೇ ಇಪ್ಪತ್ತಾರು ಅಕ್ಷರ ಅಂತ ನೀನೇ ಹೇಳಿದ್ದಿ."

ಆದಮ್ಮ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದಳು. ಟೈಪು ಮಾಡಿದ ಸಾಲುಗಳಲ್ಲಿ ದೊಡ್ಡವ್ವನ ಹೆಸರು ಸಿಕ್ಕಿತು, ಐವತ್ತೆರಡು ಎಂಬ ವಯಸ್ಸು ಸಿಕ್ಕಿತು. ಕೊನೆಗೆ, ಅಡಿಗೆರೆ ಎಳೆದ ಒಂದು ಪದ: ಪಾಸಿಟಿವ್. ಅದು ಅವಳಿಗೆ ಗೊತ್ತಿದ್ದ ಪದವೇ. ಮಲೇರಿಯಾದ ಮೌಲಾಸಾಬ್ ಹದಿನೈದು ದಿನಕ್ಕೊಮ್ಮೆ ಓಣಿಗೆ ಬಂದು, ಜ್ವರ ಬಂದವರ ಬೆರಳು ಚುಚ್ಚಿ, ಗಾಜಿನ ತುಂಡಿಗೆ ರಕ್ತ ಹಚ್ಚಿಕೊಂಡು ಹೋಗುತ್ತಿದ್ದ. ಮುಂದಿನ ಸಲ ಬಂದಾಗ ಯಾರದು ಪಾಸಿಟಿವ್, ಯಾರದು ನೆಗೆಟಿವ್ ಎಂದು ಕಟ್ಟೆಯ ಮೇಲೆ ನಿಂತು ಓದುತ್ತಿದ್ದ. ನೆಗೆಟಿವ್ ಎಂದರೆ ರೋಗವಿಲ್ಲ, ಪಾಸಿಟಿವ್ ಎಂದರೆ ಇದೆ. ಓಣಿಯ ಸಣ್ಣ ಮಕ್ಕಳಿಗೂ ಅದು ತಿಳಿದಿತ್ತು.

ಗಡ್ಡೆ ತೆಗೆದುಹಾಕಿದ ಮೇಲೂ ರೋಗ ಇದೆ. ಆದಮ್ಮ ಒಲೆಯ ಕಡೆ ಮುಖ ತಿರುಗಿಸಿದಳು.

"ಏನಂತ?"

"ನೆಗೆಟಿವ್ ಅಂತ, ದೊಡ್ಡವ್ವ."

ತಿಮ್ಮವ್ವ ಒಂದು ಗಳಿಗೆ ಅವಳನ್ನೇ ನೋಡಿದಳು. ಆಮೇಲೆ ನಕ್ಕು, "ಮುಗೀತು ಬಿಡು. ಇನ್ನ ಆ ಲಿಂಗಸುಗೂರು ಬಸ್ಸಿನಾಗ ಕುಂತು ಯಾಕ ಮೈ ನುಗ್ಗು ಮಾಡ್ಕೋಬೇಕು?" ಎಂದಳು.

ಆ ವಾರವೆಲ್ಲ ಅವಳ ಬಾಯಿಗೆ ಬಿಡುವಿರಲಿಲ್ಲ. ಬರೀ ಹಟ್ಟಿಯ ಮಾತು. ಗಂಡ ಮುದುಕಪ್ಪ ಚಿನ್ನದ ಗಣಿಯಲ್ಲಿದ್ದ ಕಾಲ, ಕಂಪನಿ ಕೊಟ್ಟ ಒಂದೂವರೆ ಖೋಲಿಯ ಮನೆ, ರಂಜಾನಿಗೆ ಪಕ್ಕದ ಮನೆಯ ಸುಭಾನಬಿ ಗೋಡೆಯ ಮೇಲಿಂದ ದಾಟಿಸುತ್ತಿದ್ದ ಸುರಕುಂಬಾ ಪಾಯಸದ ಬಟ್ಟಲು. ಸೈರನ್ ಕೂಗಿದರೆ ಇಡೀ ಸಾಲಿನ ಹೆಂಗಸರು ಒಮ್ಮೆಗೇ ಒಲೆಯ ಮೇಲೆ ಹಂಚಿಡುತ್ತಿದ್ದರಂತೆ. ಸೈಕಲ್ಲಿನ ಗಂಟೆ ಕೇಳಿಯೇ ಯಾರ ಗಂಡ ಬಂದನೆಂದು ಹೇಳುತ್ತಿದ್ದರಂತೆ.

"ನಿಮ್ಮ ದೊಡ್ಡಪ್ಪ ಗಣಿಯಿಂದ ಮ್ಯಾಲ ಬಂದ್ರ ಹಲ್ಲು ಬಿಟ್ಟು ಬ್ಯಾರೆ ಏನೂ ಕಾಣ್ತಿದ್ದಿಲ್ಲ. ಕೈ ತೊಳಕೋ ಅಂದ್ರ, ಬಂಗಾರ ಹತ್ತೈತಿ, ತೊಳದ್ರ ಲುಕ್ಸಾನು ಅಂತಿದ್ದ."

ಹೇಳುತ್ತ ತಾನೇ ನಗುತ್ತಿದ್ದಳು. ಮುದುಕಪ್ಪ ಕೆಮ್ಮಿ ಕೆಮ್ಮಿ ತೀರಿಕೊಂಡ ವರ್ಷದ ತನಕ ಮಾತ್ರ ಮಾತು ಬರುತ್ತಿರಲಿಲ್ಲ. ಅದಕ್ಕೂ ಮುಂಚೆ ಎಲ್ಲೋ ನಿಂತು, ಮತ್ತೆ ಖೋಲಿಯಿಂದ ಶುರುವಾಗುತ್ತಿತ್ತು.

ಕೇಳುತ್ತ ಕುಳಿತ ಆದಮ್ಮನಿಗೆ ಊಟ ಸೇರುತ್ತಿರಲಿಲ್ಲ. ಡಾಕ್ಟರ ಹತ್ತಿರ ಹೋಗದಿದ್ದರೆ ಔಷಧವೂ ಇಲ್ಲ. ಹೋಗದಂತೆ ಮಾಡಿದ್ದು ತನ್ನ ಒಂದು ಮಾತು. ಎಂಟನೆಯ ದಿನ ಇನ್ನೊಂದು ಸುಳ್ಳು ಹೇಳಿದಳು.

"ಹೊಲಿಗಿ ಹಾಕಿದ ಜಾಗ ಕೆಂಪಾಗೈತಿ ದೊಡ್ಡವ್ವ. ಒಂದ್ಸಲ ತೋರಿಸ್ಕೊಂಡು ಬರೂನು ನಡಿ."

ಲಿಂಗಸುಗೂರಿನಲ್ಲಿ ಡಾಕ್ಟರ್ ಮರಿಸ್ವಾಮಿ ಕಾಗದವನ್ನು ಎರಡು ಸಲ ಓದಿದರು.

"ಅದು ನೆಗೆಟಿವ್ ಐತ್ರಿ," ಎಂದು ತಿಮ್ಮವ್ವ ತಾನೇ ಹೇಳಿದಳು.

"ಯಾರ್ ಹೇಳಿದ್ರು? ನೆಗೆಟಿವ್ ಬಂದಿದ್ರ ನಾ ಚಿಂತಿ ಮಾಡ್ಬೇಕಾಗಿತ್ತು. ಇದು ಪಾಸಿಟಿವ್."

ಆದಮ್ಮ ನೆಲ ನೋಡಿದಳು. ಡಾಕ್ಟರ್ ಗುಳಿಗೆಯ ಹೆಸರು ಬರೆಯುತ್ತಲೇ ಹೇಳಿದರು: "ಇದು ಬ್ಯಾನಿ ಐತೋ ಇಲ್ಲೋ ಅನ್ನೋ ಪರೀಕ್ಷಾ ಅಲ್ಲವ್ವ. ಕೆಲವರ ಗಡ್ಡಿಯೊಳಗ ಒಂದು ನಮೂನಿ ಪ್ರೋಟೀನ್ ಇರತೈತಿ, ಕೆಲವರದ್ರಾಗ ಇರಂಗಿಲ್ಲ. ಇದ್ದವರಿಗೆ ಈ ಗುಳಿಗಿ ನಾಟತೈತಿ. ಅಂಥವರು ಬಾಳ ವರ್ಷ ಬದುಕಿದ್ದು ನೋಡೀನಿ. ಎಲ್ಲಾರಿಗೂ ಹಂಗೇ ಆಗತೈತಿ ಅನ್ನಂಗಿಲ್ಲ, ಆದ್ರ ನಿನಗ ದಾರಿ ಐತಿ. ದಿನಾ ಒಂದು, ಐದು ವರ್ಷ."

"ಐದು ವರ್ಷ ನುಂಗಬೇಕಂದ್ರ ಐದು ವರ್ಷ ಇರಬೇಕಲ್ರಿ."

"ಅದಕ್ಕ ಕೊಡಾಕತ್ತೀನಿ."

ಮಸ್ಕಿಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಇಬ್ಬರೂ ಬಸ್‌ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತರು. ಎದುರಿಗೆ ಹಟ್ಟಿಯ ಬಸ್ಸು ಜನರನ್ನು ತುಂಬಿಕೊಳ್ಳುತ್ತ ನಿಂತಿತ್ತು.

"ತಪ್ಪಾತು ದೊಡ್ಡವ್ವ. ನೀ ಅಂಜ್ತಿ ಅಂತ..."

"ನೀ ಸುಳ್ಳು ಹೇಳಿದ್ದು ಅವತ್ತೇ ಗೊತ್ತಾತು."

"ಹೆಂಗ?"

ತಿಮ್ಮವ್ವ ಹಟ್ಟಿಯ ಬಸ್ಸನ್ನೇ ನೋಡುತ್ತಿದ್ದಳು.

"ನಿಮ್ಮ ದೊಡ್ಡಪ್ಪನ ಕಫದ ಪರೀಕ್ಷಾ ಚೀಟಿ ಬಂದಾಗ ಕಂಪೌಂಡರ್ ನನ್ನ ಕೈಯಾಗ ಕೊಟ್ಟು, ಪಾಸಿಟಿವ್ ಐತಿ, ನಾಳಿಂದ ಗುಳಿಗಿ ಶುರು ಆಗಬೇಕು, ಕಳಿಸು ಅಂದಿದ್ದ. ನಾ ಮನಿಗೆ ಬಂದು, ನಿನ್ನಂಗ, ಒಲಿ ಕಡಿ ಮುಖ ಮಾಡಿ ನೆಗೆಟಿವ್ ಅಂದೆ. ಹಬ್ಬ ಒಂದು ಮುಗೀಲಿ, ಆಮ್ಯಾಲ ಹೇಳಿದ್ರಾತು ಅನ್ಕೊಂಡೆ. ಹಬ್ಬ ಮುಗದ್ರೂ ಹೇಳಾಕ ಬಾಯಿ ಬರಲಿಲ್ಲ."

ಬಸ್ಸು ಧೂಳೆಬ್ಬಿಸಿ ಹೊರಳಿತು. ತಿಮ್ಮವ್ವ ಗುಳಿಗೆಯ ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ನೆಗೆಟಿವ್ ಅಂದದ್ದು ನಂಬಿ, ಅವತ್ತು ಹಾಡು ಹಾಡ್ಕೋತ ಶಿಫ್ಟಿಗೆ ಹೋದ, ಆದಮ್ಮ."